ಜಿಂಕೆ ಗುರುತಿನ ಬ್ರೌಸರನ್ನು ನಾನು ಅಳೆದದ್ದು

ನಮ್ಮ ತಂಗಿ ಗಂಡ ಎರಡು ಫೋನು ಹಿಡಿದುಕೊಂಡು ನಮ್ಮೂರ ಡೇರಿಗೆ ಬಂದಾಗ ಬೆಳಗಿನ ಹಾಲು ಮುಗಿದು ಕ್ಯಾನುಗಳು ಗಾಡಿ ಹತ್ತಿದ್ದವು. ಹೋಳೂರು ಕಡೆಯ ಸಣ್ಣ ಊರು ನಮ್ಮದು. ಅಲ್ಲಿನ ಹಾಲಿನ ಸೊಸೈಟಿಯಲ್ಲಿ ನಾನು ಹದಿನೈದು ವರ್ಷದಿಂದ ಹಾಲು ಟೆಸ್ಟ್ ಮಾಡುತ್ತಾ ಬಂದಿದ್ದೇನೆ. ಊರವರ ಬಾಯಲ್ಲಿ ಟೆಸ್ಟರಮ್ಮ. ಹಾಲು ಹಾಕಿದ ಮೇಲೂ ಹೆಂಗಸರು ಒಂದಷ್ಟು ಹೊತ್ತು ಡೇರಿ ಜಗಲಿಯ ಮೇಲೆ ಕೂತು ಮಾತಾಡಿಕೊಂಡು ಹೋಗುತ್ತಾರೆ. ತಂಗಿ ಗಂಡನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಹೊತ್ತಿಗೆ ಸರಿಯಾಗಿ ಬಂದಿದ್ದರು.

ಅವರದು ಶ್ರೀನಿವಾಸಪುರ. ಮನೆಯಲ್ಲಿ ಆಡುವುದು ತೆಲುಗು, ನಮ್ಮ ಹತ್ತಿರ ಕನ್ನಡ. ಮೊದಲು ಮೊಬೈಲ್ ಅಂಗಡಿಯೊಂದರಲ್ಲಿದ್ದರು. ಆ ವರ್ಷವಷ್ಟೇ ಯಾವುದೋ ಕಂಪನಿಯವರ ಹೊಸ ಬ್ರೌಸರನ್ನು ಊರೂರಿಗೆ ತೋರಿಸಿ ಜನರ ಫೋನಿಗೆ ಹಾಕಿಸುವ ಕೆಲಸ ಹಿಡಿದಿದ್ದರು. ಮುಳಬಾಗಿಲು, ಮಾಲೂರು ಕಡೆಯೆಲ್ಲ ಸುತ್ತಿ ಮುಗಿಸಿ ನಮ್ಮೂರಿಗೆ ಬಂದಿದ್ದರು. ಪಹಣಿ, ಟೊಮೆಟೊ ರೇಟು, ಮಕ್ಕಳ ರಿಸಲ್ಟು, ಏನು ನೋಡಬೇಕಾದರೂ ಫೋನಿನಲ್ಲಿ ಮೊದಲು ಒತ್ತುವುದು ಬ್ರೌಸರನ್ನೇ ಅಲ್ಲವೇ. ಈ ಹೊಸದಕ್ಕೆ ಓಡುವ ಜಿಂಕೆಯ ಗುರುತಿತ್ತು.

ನನ್ನ ಸ್ಯಾಂಪಲ್ ಬಾಟಲಿಗಳ ಮೇಜಿನ ಮೇಲೆ ಎರಡೂ ಫೋನನ್ನು ಅಕ್ಕಪಕ್ಕ ಇಟ್ಟರು. ಎರಡೂ ಒಂದೇ ಕಂಪನಿಯ ಫೋನು, ಒಂದೇ ಬಣ್ಣ. ಒಂದರಲ್ಲಿ ಜಿಂಕೆ, ಇನ್ನೊಂದರಲ್ಲಿ ಫೋನಿನ ಜೊತೆಗೇ ಬರುವ ಹಳೇ ಬ್ರೌಸರು. "ನೋಡ್ರಮ್ಮ, ಎರಡನ್ನೂ ಒಟ್ಟಿಗೇ ಒತ್ತುತೀನಿ" ಅಂತ ಹೇಳಿ ಎರಡು ಹೆಬ್ಬೆರಳಿನಿಂದ ಒಂದೇ ಸಲ ಒತ್ತಿದರು. ಜಿಂಕೆಯಲ್ಲಿ ಮಾರ್ಕೆಟ್ಟಿನ ರೇಟು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂತು. ಇನ್ನೊಂದರಲ್ಲಿ ಸುತ್ತುವ ಚಕ್ರ ಸುತ್ತುತ್ತಲೇ ಇತ್ತು. ಹೆಂಗಸರು "ಅಯ್ಯೋ, ನಮ್ದೂ ಹಿಂಗೇ ಸುತ್ತುತ್ತೆ" ಅಂದರು. ಒಬ್ಬೊಬ್ಬರಾಗಿ ಫೋನು ಕೊಟ್ಟರು. ತಂಗಿ ಗಂಡ ಒಂದೊಂದನ್ನೂ ತಾವೇ ಇಸಿದುಕೊಂಡು, ಜಿಂಕೆ ಹಾಕಿ, ವಾಪಸ್ಸು ಕೊಡುತ್ತಾ ಹೋದರು.

ನಾನು ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದೆ. ನನ್ನ ಕೆಲಸವೇ ಅನುಮಾನ. ಕ್ಯಾನು ಕಲಕದೆ ಕೆನೆ ನಿಂತ ಮೇಲಿನ ಹಾಲು ಕೊಡುವವರು, ಸ್ಯಾಂಪಲ್ ತೆಗೆಯುವಾಗ ಬೇರೆ ಮಾತೆತ್ತುವವರು, ಎಲ್ಲರನ್ನೂ ನೋಡಿ ಕಣ್ಣು ಪಳಗಿದೆ. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು: ಹಳೇ ಬ್ರೌಸರಿನಲ್ಲಿ ಪೇಜು ಮೇಲಿನಿಂದ, ತಲೆಬರಹದಿಂದ ಶುರುವಾಯಿತು. ಜಿಂಕೆಯಲ್ಲಿ ಮಾತ್ರ ನೇರ ಟೊಮೆಟೊ ಸಾಲಿನ ಹತ್ತಿರವೇ ತೆರೆಯಿತು. ಯಾರಾದರೂ ಮುಂಚೆ ಅಲ್ಲಿವರೆಗೆ ಸರಿಸಿ ಬಿಟ್ಟಿದ್ದರೆ ತಾನೇ ಹಾಗಾಗುವುದು?

"ಈ ಪೇಜು ಜಿಂಕೇಲಿ ಬೆಳಗ್ಗೆನೇ ಒಂದು ಸಲ ತೆಗ್ದಿದ್ಯಾ?" ಅಂದೆ.

ಮನೆ ಅಳಿಯನ ಹತ್ತಿರ ಬಹುವಚನ ಬಿಟ್ಟು ಮಾತಾಡಿದವಳಲ್ಲ ನಾನು. ಅವತ್ತು ಬಿಟ್ಟುಹೋಯಿತು.

"ಇಲ್ಲಕ್ಕ."

"ಹಂಗಾದ್ರೆ ಎರಡೂ ಫೋನು ನನ್ನ ಕೈಗೆ ಕೊಡು. ಬೇರೆ ಪೇಜು ನಾನು ಹೇಳ್ತೀನಿ, ನಾನೇ ಒತ್ತುತೀನಿ."

ಅವರು ನಕ್ಕರು, ಆದರೆ ಕಿವಿ ಕೆಂಪಗಾಯಿತು. "ನಾ ಮೀದ ನಮ್ಮಕಂ ಲೇದಾ ಅಕ್ಕ?" ಅಂದರು. ನನ್ನ ಮೇಲೆ ನಂಬಿಕೆ ಇಲ್ಲವಾ ಅಂತ. ಅವಮಾನವಾದಾಗ ಅವರಿಗೆ ಬಾಯಿಗೆ ಬರುವುದು ತೆಲುಗೇ. ಫೋನು ಕೊಡಲು ಎದ್ದಿದ್ದ ಇಬ್ಬರು ಮತ್ತೆ ಕೂತರು. ತಂಗಿ ಗಂಡ ಎರಡೂ ಫೋನನ್ನು ಬ್ಯಾಗಿಗೆ ಹಾಕಿಕೊಂಡು, ನಮ್ಮ ಮನೆಗೆ ಬಂದು ಒಂದು ಲೋಟ ಕಾಫಿಯನ್ನೂ ಕುಡಿಯದೆ, ಬೈಕು ಹತ್ತಿ ಹೋದರು.

ಸಾಯಂಕಾಲದ ಹಾಲಿಗೆ ಹೊರಡುವ ಮುಂಚೆ ತಂಗಿ ಫೋನು ಮಾಡಿದಳು.

"ಊರ್ ಮುಂದೆ ಅವ್ರನ್ನ ಕಳ್ಳನ್ನ ಮಾಡಿದ್ಯಂತೆ."

"ಕಳ್ಳ ಅಂದಿಲ್ಲ ಕಣೇ. ಫೋನು ಕೊಡು ಅಂದೆ."

"ಇನ್ನೇನ್ ಅನ್ಬೇಕಿತ್ತು? ಹೆಣ್ಣು ನೋಡೋಕೆ ಬಂದಾಗ್ಲೂ ಹಿಂಗೇ ಮಾಡ್ದೆ. ಅವ್ರ ಕೆಲ್ಸದ ಲೆಟರ್ ಸುಳ್ಳು ಅಂದೆ. ಸುಳ್ಳಾಯ್ತಾ?"

ಆಗಿರಲಿಲ್ಲ. ಆ ಲೆಟರು ನಿಜದ್ದೇ. ಅಂಗಡಿಯವರನ್ನೇ ಹೋಗಿ ಕೇಳಿಕೊಂಡು ಬಂದಿದ್ದೆ. ಆದರೆ ಒಂದು ಸಲ ನನ್ನ ಅನುಮಾನ ತಪ್ಪಾಯಿತು ಅಂದ ಮಾತ್ರಕ್ಕೆ ಎಲ್ಲಾ ಸಲವೂ ತಪ್ಪಾಗಬೇಕೇ? ಪೇಜು ಟೊಮೆಟೊ ಹತ್ತಿರ ತೆರೆದದ್ದನ್ನು ನಾನೇ ನೋಡಿದ್ದೇನೆ. ಹಾಗಂತ ತಂಗಿಗೆ ಹೇಳಿದೆ. ಅವಳು "ನಿನ್ ಕಣ್ಣು ಒಂದೇ ಕಣ್ಣು ಈ ಲೋಕದಲ್ಲಿ" ಅಂತ ಫೋನು ಇಟ್ಟಳು.

ಆ ಮಾತು ಚುಚ್ಚಿತು. ನಾನೇ ಪರೀಕ್ಷೆ ಮಾಡಿ ತೋರಿಸಿಬಿಡೋಣ ಅನ್ನಿಸಿತು. ಮಾರನೇ ದಿನ ಮಧ್ಯಾಹ್ನ ನನ್ನ ಫೋನಿಗೇ ಜಿಂಕೆ ಹಾಕಿಕೊಂಡೆ. ಎರಡು ಬ್ರೌಸರಿಗೂ ಒಂದೇ ಫೋನು, ಒಂದೇ ಸಿಮ್ಮು, ಇದರಲ್ಲಿ ಮೋಸಕ್ಕೆ ಜಾಗವೆಲ್ಲಿ ಅಂದುಕೊಂಡೆ. ಮನೆಯೊಳಗೆ ಸಿಗ್ನಲ್ ಕಮ್ಮಿ ಅಂತ ಮಾಳಿಗೆ ಹತ್ತಿದೆ. ನಮ್ಮ ಯಜಮಾನರ ಫೋನನ್ನು ಸ್ಟಾಪ್‌ವಾಚ್ ಮಾಡಿಕೊಂಡು, ಡೇರಿಯ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಎರಡು ಸಾಲು ಎಳೆದು ಬರೆಯುತ್ತಾ ಹೋದೆ. ಮೊದಲು ಹಳೇದು, ಆಮೇಲೆ ಜಿಂಕೆ. ಮತ್ತೆ ಹಳೇದು, ಮತ್ತೆ ಜಿಂಕೆ. ಎರಡು ಸಲ ಜಿಂಕೆ ಮುಂದೆ ಬಂತು. ಬೆರಳು ಜಾರಿರಬೇಕು ಅಂತ ಆ ಎರಡಕ್ಕೂ ಗೀಟು ಹೊಡೆದು ಹೊಸದಾಗಿ ಮಾಡಿದೆ. ಕೊನೆಗೆ ನೋಡಿದರೆ ಜಿಂಕೆ ಹಿಂದೆ, ಅದೂ ಚೆನ್ನಾಗಿಯೇ ಹಿಂದೆ. ಬಿಸಿಲಲ್ಲಿ ಬೆವರುತ್ತಾ ಕೂತಿದ್ದರೂ ಮನಸ್ಸು ತಣ್ಣಗಾಯಿತು. ಸಿಕ್ಕಿಬಿದ್ದರು ಅಂದುಕೊಂಡೆ.

ಭಾನುವಾರ ಬೆಳಗಿನ ಹಾಲು ಮುಗಿಸಿ, ಸಾಯಂಕಾಲದ ಹಾಲು ನೋಡಿಕೊಳ್ಳಲು ಸೊಸೈಟಿ ಸೆಕ್ರೆಟರಿಯವರಿಗೆ ಹೇಳಿ, ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಮಾವಿನ ಕಾಲ. ಬಸ್ ಸ್ಟ್ಯಾಂಡಿನಿಂದ ತಂಗಿ ಮನೆವರೆಗೂ ಹಣ್ಣಿನ ಟ್ರ್ಯಾಕ್ಟರುಗಳ ಸಂದಿಯಲ್ಲೇ ನಡೆದೆ. ತಂಗಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನನ್ನನ್ನು ನೋಡಿ ಮಿಷಿನ್ನಿನಿಂದ ಏಳಲಿಲ್ಲ. "ಊಟ ಮಾಡ್ತೀಯಾ, ಜಗಳ ಮಾಡ್ತೀಯಾ, ಮೊದ್ಲು ಯಾವ್ದು?" ಅಂದಳು. ತಂಗಿ ಗಂಡ ಒಳಗಿನಿಂದ ಬಂದು "ಬಾ ಅಕ್ಕ" ಅಂತಷ್ಟೇ ಅಂದು ಮಂಚದ ತುದಿಯಲ್ಲಿ ಕೂತರು.

ನಾನು ನೋಟ್‌ಬುಕ್ಕು ತೆಗೆದು ಅವರ ಮುಂದಿಟ್ಟೆ. ಬಹುವಚನ ವಾಪಸ್ಸು ತಂದುಕೊಂಡೆ. "ನೋಡಿ, ಒಂದೇ ಫೋನು. ನಿಮ್ಮದೇ ಜಿಂಕೆ."

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ನಾನು ಕಾದದ್ದು ತಲೆ ತಗ್ಗಿಸುತ್ತಾರೆ ಅಂತ.

"ಇದೇನಕ್ಕ, ಈ ಗೀಟು ಹೊಡ್ದಿರೋದು?"

"ಅವು ತಪ್ಪಾಗಿದ್ವು."

"ತಪ್ಪು ಅಂತ ಹೆಂಗೆ ಗೊತ್ತಾಯ್ತು?"

ನಾನು ಹಾಳೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವರು ಒಂದೊಂದೇ ಕೇಳಿದರು. ಎಲ್ಲಿ ಕೂತು ಮಾಡಿದೆ? ಮಾಳಿಗೆ ಮೇಲೆ. ಎಷ್ಟು ಹೊತ್ತಲ್ಲಿ? ಮಧ್ಯಾಹ್ನ. ಪ್ರತಿ ಸಲವೂ ಜಿಂಕೆ ಎರಡನೇದೇನಾ? ಹೌದು. "ಬಿಸ್ಲಲ್ಲಿ ಫೋನು ಕಾದ್ರೆ ತಾನೇ ನಿಧಾನ ಆಗ್ತದಕ್ಕ. ಯಾವಾಗ್ಲೂ ಎರಡನೇ ಸರದಿ ಅಂದ್ರೆ ಯಾವಾಗ್ಲೂ ಇನ್ನೊಂಚೂರು ಕಾದ ಫೋನು. ಮತ್ತೆ ಆ ಹಳೇ ಬ್ರೌಸರಲ್ಲಿ ನೀನು ದಿನಾ ಈ ರೇಟಿನ ಪೇಜು ನೋಡ್ತೀಯಲ್ಲ? ಅರ್ಧ ಸಾಮಾನು ಅದರೊಳಗೇ ಇಟ್ಕೊಂಡಿರ್ತದೆ. ಜಿಂಕೆ ನಿನ್ನ ಫೋನಿಗೆ ಬಂದಿದ್ದೇ ಅವತ್ತು. ಎಲ್ಲಾನೂ ಹೊಸದಾಗಿ ತರ್ಬೇಕು."

ಅಂದರೆ ಡೇರಿಯಲ್ಲಿ ನಾನು ಯಾವುದಕ್ಕೆ ಅವರ ಮೇಲೆ ಬಿದ್ದೆನೋ ಅದನ್ನೇ ಮಾಳಿಗೆಯ ಮೇಲೆ ನಾನು ತಿರುಗಿಸಿ ಮಾಡಿದ್ದೆ. ಗೊತ್ತಿಲ್ಲದೆ ಮಾಡಿದ್ದೆ, ಅಷ್ಟೇ ವ್ಯತ್ಯಾಸ. ಆದರೂ ಸೋಲು ಒಪ್ಪಲು ಮನಸ್ಸು ಬರಲಿಲ್ಲ.

"ಹಂಗಾದ್ರೆ ಅವತ್ತು ನೀವು ಬೆಳಗ್ಗೆನೇ ತೆಗ್ದು ಇಟ್ಕೊಂಡಿದ್ದು ನಿಜ."

ಅವರು ತಂಗಿಯ ಕಡೆ ನೋಡಿದರು. ಅವಳು ಹೊಲಿಗೆ ನಿಲ್ಲಿಸಿದಳು.

"ನಿಜ" ಅಂದರು. "ಟ್ರೈನಿಂಗಲ್ಲಿ ಹಂಗೇ ಹೇಳಿಕೊಟ್ಟಿದ್ದು. ತೋರಿಸೋ ಮುಂಚೆ ಒಂದು ಸಲ ತೆಗ್ದು ಮುಚ್ಚಿ, ಜನಕ್ಕೆ ಕಾಯೋಕೆ ಟೈಮಿರಲ್ಲ ಅಂತ. ಅಂಗಡೀಲಿ ಫೋನು ತೋರಿಸೋ ಮುಂಚೆ ಬಟ್ಟೇಲಿ ಒರಿಸ್ತೀವಲ್ಲ, ಹಂಗೆ ಅನ್ಕೊಂಡಿದ್ದೆ. ನೀನು ಕೇಳ್ದಾಗ್ಲೇ ನಂಗೆ ಹೊಳೆದಿದ್ದು. ಅಷ್ಟು ಜನರ ಮುಂದೆ ಹೌದು ಅನ್ನೋಕಾಗ್ಲಿಲ್ಲ."

ತಂಗಿಗೆ ಈ ವಿಷಯ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಕತ್ತರಿ ಪಕ್ಕಕ್ಕಿಟ್ಟು ಎದ್ದಳು.

"ಇಬ್ರೂ ಫೋನ್ ಮುಟ್ಬೇಡಿ. ನಾನ್ ಮಾಡ್ತೀನಿ."

ಗಂಡನ ಬ್ಯಾಗಿನಿಂದ ಒಂದೇ ಒಂದು ಫೋನು ತೆಗೆದುಕೊಂಡಳು. ಎರಡು ಬ್ರೌಸರಿನಲ್ಲೂ ಮುಂಚೆ ಉಳಿದುಕೊಂಡಿದ್ದನ್ನೆಲ್ಲ ಅಳಿಸಿದಳು. ಪರದೆಯ ಮೇಲಂಚಿಗೂ ಕೆಳಗಿನ ಅಂಚಿಗೂ ಗಾಯಕ್ಕೆ ಹಾಕುವ ಬಿಳಿ ಟೇಪು ಅಂಟಿಸಿದಳು. "ಗುರುತು ನೋಡ್ಕೊಂಡು ಕೂತ್ರೆ ಪೇಜ್ ಬಂದಿದ್ದು ತಿಳಿಯಲ್ಲ. ಯಾವ್ದು ಅಂತ ನಾನ್ ಹೇಳ್ತೀನಿ. ನೀನು ಗಡಿಯಾರ ಮಾತ್ರ ಹಿಡ್ಕೊ." ಪ್ರತಿ ಸಲವೂ ನನಗೆ ಬೆನ್ನು ಮಾಡಿ, ನಾಣ್ಯ ಚಿಮ್ಮಿ, ಯಾವುದೋ ಒಂದನ್ನು ತೆರೆದು, ಟೊಮೆಟೊ ರೇಟಿನ ಪೇಜಿನ ವಿಳಾಸ ಹಾಕಿ, ಫೋನನ್ನು ನನ್ನ ಕಡೆ ತಿರುಗಿಸಿ "ಇದು ಜಿಂಕೆ, ಶುರು" ಅಂತಲೋ "ಇದು ಹಳೇದು, ಶುರು" ಅಂತಲೋ ಹೇಳಿ ಒತ್ತುತ್ತಿದ್ದಳು. ಪೇಜು ಬಂತು ಅನ್ನಿಸಿದಾಗ ನಾನು ಗಡಿಯಾರ ನಿಲ್ಲಿಸಬೇಕು. ಅವಳು ಬರೆದುಕೊಳ್ಳುತ್ತಿದ್ದಳು. ಒಂದೊಂದು ಸರದಿಗೂ ಮುಂಚೆ ಎಲ್ಲಾ ಅಳಿಸಿ, ಫೋನನ್ನು ಫ್ಯಾನಿನ ಕೆಳಗೆ ಇಟ್ಟು ತಣ್ಣಗೆ ಮಾಡುತ್ತಿದ್ದಳು. ಹೊಲಿಗೆಯಲ್ಲಿ ಎಷ್ಟು ನಿಧಾನವೋ ಇದರಲ್ಲೂ ಅಷ್ಟೇ ನಿಧಾನ.

ಇಪ್ಪತ್ತು ಸಲ ಆಯಿತು. ಹಾಳೆ ತೋರಿಸಿದಳು. ಜಿಂಕೆ ಅಂದಾಗೆಲ್ಲ ಹೆಚ್ಚು ಹೊತ್ತು, ಹಳೇದು ಅಂದಾಗೆಲ್ಲ ಕಡಿಮೆ.

"ನೋಡಿದ್ರಾ?" ಅಂದೆ ನಾನು.

"ಈಗ ಹಾಳೆ ತಿರುವು" ಅಂದಳು.

ಹಿಂದೆ, ನಾಣ್ಯ ಬಿದ್ದಂತೆ ನಿಜವಾಗಿ ಯಾವುದನ್ನು ತೆರೆದಿದ್ದಳು ಅಂತ ಬರೆದಿತ್ತು. ಅರ್ಧಕ್ಕರ್ಧ ಸಲ ನನಗೆ ಸುಳ್ಳು ಹೇಳಿದ್ದಳು. ಹಳೇದನ್ನು ತೆರೆದು ಜಿಂಕೆ ಅಂದಿದ್ದಳು, ಜಿಂಕೆ ತೆರೆದು ಹಳೇದು ಅಂದಿದ್ದಳು. ನಿಜವಾದ ಹೆಸರಿನ ಮೇಲೆ ಕೂಡಿದರೆ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಅವಳು ಬಾಯಲ್ಲಿ ಹೇಳಿದ ಹೆಸರಿನ ಮೇಲೆ ಕೂಡಿದರೆ ಮಾತ್ರ ಇತ್ತು.

"ಜಿಂಕೆ ಅಂದ್ರೆ ಸಾಕು, ನಿನ್ ಹೆಬ್ಬೆರಳು ಕಾಯ್ತಿತ್ತಕ್ಕ. ಪೇಜು ಬಂದ್ಮೇಲೂ ಇನ್ನೇನೋ ಬರೋದಿದೆ ಅನ್ನೋ ಹಂಗೆ ನೋಡ್ತಿದ್ದೆ."

ಆ ಕ್ಷಣ ನನಗೆ ಬಂದದ್ದು ನಾಚಿಕೆಯಲ್ಲ, ಮತ್ತೆ ಅನುಮಾನವೇ. ಗಂಡ ಹೆಂಡತಿ ಸೇರಿಕೊಂಡು ನನಗೆ ಕಟ್ಟಿದ ಆಟ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. ತಂಗಿ ಸಿಟ್ಟಾಗಲಿಲ್ಲ. "ಸರಿ, ಈಗ ನೀನ್ ತೆಗಿ, ನೀನೇ ಸುಳ್ ಹೇಳು. ಗಡಿಯಾರ ಅವ್ರ ಕೈಗೆ ಕೊಡೋಣ" ಅಂದಳು. ಹಾಗೇ ಮಾಡಿದೆವು. ನಾನು ಹಳೇದನ್ನು ತೆರೆದು "ಇದು ನಿಮ್ಮ ಜಿಂಕೆ" ಅಂದರೆ ಸಾಕು, ತಂಗಿ ಗಂಡ ಪೇಜಿನ ಕೆಳಗಿನ ಅರ್ಧ ಇನ್ನೂ ಬೆಳ್ಳಗಿರುವಾಗಲೇ ಗಡಿಯಾರ ನಿಲ್ಲಿಸುತ್ತಿದ್ದರು. ಅವರ ಹಾಳೆಯಲ್ಲಿ ಜಿಂಕೆ ಅಂದದ್ದೆಲ್ಲ ಗೆದ್ದಿತ್ತು. ಹಾಳೆ ತಿರುವಿ ನೋಡಿ ಅವರೇ ತಲೆ ಚಚ್ಚಿಕೊಂಡರು. ತಂಗಿ ಅವತ್ತು ಮೊದಲ ಸಲ ನಕ್ಕಳು.

ಊಟ ಆದ ಮೇಲೆ ಹೆಸರು ಹೇಳದೆಯೇ ಮತ್ತೆ ಮಾಡಿದೆವು, ಬೇರೆ ಪೇಜುಗಳಲ್ಲಿ. ಸುದ್ದಿಯ ಪೇಜಿನಲ್ಲಿ ಒಂದು ನಿಜವಾಗಿ ಮುಂದೆ ಬರುತ್ತಿತ್ತು. ಟೇಪು ಕಿತ್ತು ನೋಡಿದರೆ ಜಿಂಕೆ. ತಂಗಿ ಗಂಡನ ಮುಖ ಅರಳಿತು. ನಾನು ಎರಡೂ ಪೇಜನ್ನು ಸಾಲುಸಾಲಾಗಿ ಹೋಲಿಸಿದೆ. ಜಿಂಕೆಯಲ್ಲಿ ಜಾಹೀರಾತುಗಳು ಇರಲಿಲ್ಲ. ಅದು ಒಳ್ಳೇದೇ. ಆದರೆ ಸುದ್ದಿಯ ಚಿತ್ರಗಳೂ ಎರಡು ಇರಲಿಲ್ಲ. ಪಹಣಿಯ ಪೇಜಿನಲ್ಲೂ ಅದೇ ಬೇಗ ಬಂತು, ಆದರೆ ಸರ್ವೆ ನಂಬರು ಹಾಕಿದ ಮೇಲೆ ನೋಡಿಕೊಂಡು ಬರೆಯಬೇಕಾದ ಅಕ್ಷರಗಳ ಚೌಕವೇ ಕಾಣಲಿಲ್ಲ. ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲ. ಎರಡು ಮೂರು ಸಲ ನೋಡಿದೆವು. ಒಂದು ಸಲವೂ ಬರಲಿಲ್ಲ.

"ಇದನ್ನ ಟ್ರೈನಿಂಗಲ್ಲಿ ಹೇಳಿದ್ರಾ?" ಅಂತ ತಂಗಿ ಕೇಳಿದಳು. ಅವರು ಇಲ್ಲ ಅಂತ ತಲೆ ಆಡಿಸಿದರು. ಆಮೇಲೆ ಮೆಲ್ಲಗೆ "ಮಾಲೂರಲ್ಲಿ ಒಬ್ರು ಹೇಳಿದ್ರು, ಪಹಣಿ ಬರ್ತಿಲ್ಲ ಅಂತ. ನೆಟ್‌ವರ್ಕು ಅಂದುಬಿಟ್ಟೆ" ಅಂದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನೋಟ್‌ಬುಕ್ಕು ಚೀಲದಲ್ಲೇ ಇತ್ತು. ನನ್ನ ತಲೆಯಲ್ಲಿ ಜಿಂಕೆಯಿರಲಿಲ್ಲ, ಆ ಎರಡು ಗೀಟು ಇದ್ದವು. ಬೇಡದ ಉತ್ತರ ಬಂದಾಗ ಹೊಡೆದುಹಾಕಿ ಮತ್ತೆ ಮಾಡುವುದು. ಇದು ನನ್ನ ಕೈಗೆ ಹೊಸದಲ್ಲ ಅನ್ನಿಸುತ್ತಿತ್ತು, ಎಲ್ಲಿ ಅಂತ ಮಾತ್ರ ಹೊಳೆಯುತ್ತಿರಲಿಲ್ಲ.

ಹೊಳೆದದ್ದು ಮಾರನೇ ಬೆಳಗ್ಗೆ ಡೇರಿಯಲ್ಲಿ. ಕೆರೆಕಟ್ಟೆ ಹತ್ತಿರದ ಮನೆಯ ಮುದುಕಿಯೊಬ್ಬರು ಹಾಲು ತಂದರು. ಬಹಳ ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಅವರ ಹಾಲಿನಲ್ಲಿ ನೀರು ಸಿಕ್ಕಿತ್ತು. ಆಮೇಲೆ ಒಂದು ದಿನವೂ ಸಿಕ್ಕಿಲ್ಲ. ಸ್ಯಾಂಪಲ್ ಮಿಷಿನ್ನಿಗೆ ಇಟ್ಟೆ. ದುಡ್ಡು ಸಿಗುವುದು ಫ್ಯಾಟಿನ ಮೇಲೆ, ಅದು ಚೆನ್ನಾಗಿ ಬಂತು. ನನ್ನ ಕೈ ತಾನಾಗಿಯೇ ಆ ಬಾಟಲಿಯನ್ನು ಇನ್ನೊಂದು ಸಲ ಮಿಷಿನ್ನಿನ ಕೆಳಗೆ ಹಿಡಿಯಿತು. ಎರಡನೇ ಸಲ ಒಂಚೂರು ಕಡಿಮೆ ಬಂತು. ಅದನ್ನು ಬರೆಯಲು ಪೆನ್ನು ಎತ್ತಿದವಳು ಹಾಗೇ ನಿಂತುಬಿಟ್ಟೆ. ಅವರಿಗಿಂತ ಮುಂಚೆ ಬಂದ ಅಷ್ಟೂ ಜನರಲ್ಲಿ ಯಾರದನ್ನೂ ನಾನು ಎರಡು ಸಲ ನೋಡಿರಲಿಲ್ಲ. ಮಿಷಿನ್ನಿಗೆ ಯಾರ ಮೇಲೂ ಅನುಮಾನವಿಲ್ಲ. ಆದರೆ ಯಾರ ಹಾಲನ್ನು ಎರಡು ಸಲ ಅದರ ಕೆಳಗೆ ಇಡಬೇಕು, ಎರಡರಲ್ಲಿ ಯಾವುದನ್ನು ಬರೆಯಬೇಕು, ಇದನ್ನು ತೀರ್ಮಾನ ಮಾಡುತ್ತಿದ್ದದ್ದು ನಾನು.

ಸೆಕ್ರೆಟರಿಯವರಿಗೆ ಅವತ್ತೇ ಹೇಳಿದೆ. ಅವರು "ಮನಸ್ಸಿಗೆ ಹಚ್ಕೋಬೇಡಮ್ಮ" ಅಂದರು. ಹೇಳಬೇಕಾದವರು ಅವರಲ್ಲ ಅಂತ ನನಗೂ ಗೊತ್ತಿತ್ತು. ಎರಡು ದಿನ ತಡೆದು ಮುದುಕಿಯ ಮನೆಗೆ ಹೋದೆ. ಅವರು ಕೊಟ್ಟಿಗೆಯಲ್ಲಿ ಹಸುವಿಗೆ ಜೋಳದ ಕಡ್ಡಿ ಹಾಕುತ್ತಿದ್ದರು.

"ಅಮ್ಮ, ನಿಮ್ ಹಾಲನ್ನ ಮಾತ್ರ ನಾನು ಎರಡೆರಡು ಸಲ ನೋಡ್ತಿದ್ದೆ. ಕಡಿಮೆ ಬಂದಿದ್ದನ್ನೇ ಬರೀತಿದ್ದೆ. ಬೇಕಂತ ಮಾಡ್ಲಿಲ್ಲ, ಆದ್ರೆ ಮಾಡಿದ್ದು ನಿಜ."

ಅವರು ಕೈಯ ಕಡ್ಡಿಯನ್ನು ಹಾಕಿ ಮುಗಿಸಿದರು. "ಗೊತ್ತು ಬಿಡು ಟೆಸ್ಟರಮ್ಮ. ಅದಕ್ಕೇ ಆವಾಗಾವಾಗ ನನ್ ಸೊಸೆ ಕೈಲಿ ಕಳ್ಸೋದು. ಅವಳ್ ತಂದ್ರೆ ಒಂದು ತರ ಬರ್ತದೆ, ನಾನ್ ತಂದ್ರೆ ಒಂದು ತರ. ಅದೇ ಹಸು, ಅದೇ ಹಾಲು."

ಯಾವಾಗಿನಿಂದ ಅಂತ ಕೇಳಿದೆ. ಮೊಮ್ಮಗಳು ಹುಟ್ಟುವ ಮುಂಚಿನಿಂದ ಅಂದರು. ಆ ಮೊಮ್ಮಗಳು ಆಗಲೇ ಸ್ಕೂಲಿಗೆ ಹೋಗುತ್ತಿದ್ದಳು.

"ಒಂದು ಮಾತು ಹೇಳ್ಬೋದಿತ್ತಲ್ಲ ಅಮ್ಮ?"

"ಹೇಳಿದ್ರೆ ನೀನ್ ನಂಬ್ತಿದ್ಯಾ?"

ಉತ್ತರಕ್ಕೆ ಕಾಯದೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.

ಈಗ ಡೇರಿಯಲ್ಲಿ ಒಂದೊಂದು ಹೊತ್ತಿನ ಹಾಲಿಗೂ ಐದು ಸ್ಯಾಂಪಲ್ ಎರಡನೇ ಸಲ ನೋಡುತ್ತೇವೆ. ಯಾರದು ಅಂತ ಚೀಟಿ ಎತ್ತುವುದು ಹಾಲು ಹಾಕಲು ಬಂದವರೇ. ಬರೆಯುವುದು ಎರಡನ್ನೂ. ಮೊದಮೊದಲು ಕೆಲವರಿಗೆ ಸಿಟ್ಟು ಬಂತು, ಯಾವತ್ತೂ ಇಲ್ಲದ್ದು ನಮ್ಮ ಹಾಲಿಗ್ಯಾಕೆ ಅಂತ. ತಂಗಿ ಗಂಡ ಆಮೇಲೆ ಎರಡು ಫೋನನ್ನೂ ಜನರ ಮುಂದೆಯೇ ಪೂರ್ತಿ ಅಳಿಸಿ ತೋರಿಸಲು ಶುರು ಮಾಡಿದರು, ಪಹಣಿ ಬರಲ್ಲ ಅಂತಲೂ ಹೇಳತೊಡಗಿದರು. ಹಾಗಾಗಿ ಹಾಕಿಸಿಕೊಳ್ಳುವವರು ಕಡಿಮೆಯಾದರು. ಕಂಪನಿಯ ಮೇಲಿನವರು ಹೇಳಿಕೊಟ್ಟ ಹಾಗೆ ತೋರಿಸಿ ಅಂದರು. ಇವರು ಆ ಕೆಲಸ ಬಿಟ್ಟು ಈಗ ಮಾವಿನ ತಿರುಳಿನ ಫ್ಯಾಕ್ಟರಿಯಲ್ಲಿ ಲೋಡು ನೋಡಿಕೊಳ್ಳುತ್ತಾರೆ. ಅದು ನಿಜವಾಗಿ ಇವರೇ ಬಿಟ್ಟದ್ದೋ, ಕಂಪನಿಯವರೇ ತೆಗೆದದ್ದೋ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ತಂಗಿಯನ್ನು ಕೇಳಿಲ್ಲ.

ಕೆರೆಕಟ್ಟೆಯ ಮುದುಕಿ ಈಗಲೂ ವಾರಕ್ಕೊಂದೆರಡು ದಿನ ಸೊಸೆಯನ್ನು ಕಳಿಸುತ್ತಾರೆ. ಅತ್ತೆಗೆ ಕಾಲು ನೋವು ಅಂತ ಸೊಸೆ ಹೇಳುತ್ತಾಳೆ. ನಾನು ಸೌಟು ಹಾಕಿ ಕಲಕಿ, ಸ್ಯಾಂಪಲ್ ತೆಗೆದು, ಬಂದದ್ದನ್ನು ಬರೆದು ಚೀಟಿ ಕೊಡುತ್ತೇನೆ. ಅವಳು ಅದನ್ನು ಮಡಚಿ ಜಾಕೀಟಿನೊಳಗೆ ಇಟ್ಟುಕೊಂಡು ಹೋಗುತ್ತಾಳೆ, ಮನೆಯಲ್ಲಿ ಅತ್ತೆಗೆ ತೋರಿಸಲು.